ದಪ್ಪ ಪುಸ್ತಕವನ್ನೇ ಕೊಂಡೆವು, ಅಕ್ಕ

ಅಕ್ಕ,

ಆಸ್ಪತ್ರೆಯ ನೆಟ್‌ವರ್ಕನ್ನು ವರ್ಷಗಟ್ಟಲೆ ಕಾಪಾಡಿದ ನಿನ್ನನ್ನು ಸರ್ಟಿಫಿಕೇಟ್ ಇಲ್ಲವೆಂದು ಕೆಲಸದಿಂದ ತೆಗೆದದ್ದು ಅನ್ಯಾಯ. ನೀನು ತೀರಿಕೊಂಡ ಮೇಲೂ ಅವರಿಗೆ ಬುದ್ಧಿ ಬಂದಿಲ್ಲ. ಈಗ ಅಲ್ಲಿ ನಿನ್ನ ಜೊತೆ ಕೇಬಲ್ ಎಳೆಯುತ್ತಿದ್ದ ಕೇಬಲ್ ಅಣ್ಣನ ಸರದಿ. ಆ ಸರ್ಟಿಫಿಕೇಟಿನ ಪರೀಕ್ಷೆ ಪಾಸಾಗದಿದ್ದರೆ ಅವರಿಗೂ ಕೆಲಸವಿಲ್ಲ.

ಇವತ್ತು ಅವರ ಜೊತೆ ಪುಸ್ತಕದಂಗಡಿಗೆ ಹೋಗಿದ್ದೆ. ಬರೀ ಪ್ರಶ್ನೋತ್ತರವಿರುವ ತೆಳು ಗೈಡನ್ನು ಎತ್ತಿ ಅವರ ಕೈಗಿಟ್ಟೆ. "ಈ ಪರೀಕ್ಷೆಯೇ ಮೋಸ ಅಣ್ಣಾ. ಬಾಯಿಪಾಠ ಮಾಡಿ ಬರೆದು ಬಿಸಾಕಿ. ಶೋಷಕರಿಗೆ ಅಷ್ಟು ಸಾಕು."

ಅವರು ಪುಟ ತಿರುವಿದರು. "ಉತ್ತರ 'ಬಿ' ಅಂತಿದೆ. ಯಾಕೆ 'ಬಿ' ಅಂತ ಎಲ್ಲೂ ಇಲ್ವಲ್ಲಪ್ಪಾ ಕ್ರಾಂತಿಕಾರಿ? ನಾಳೆ ಐಸಿಯುನಲ್ಲಿ ಲೈನ್ ಹೋದ್ರೆ ಅಲ್ಲಿ ನಿಂತ್ಕೊಂಡು 'ಬಿ, ಬಿ' ಅಂತ ಕೂಗ್ಲಾ?"

ಅಂಗಡಿಯವನೂ ನಕ್ಕ. ಪ್ರತಿ ಉತ್ತರಕ್ಕೂ ಕಾರಣ ಬಿಡಿಸಿ ಹೇಳುವ ದಪ್ಪ ಪುಸ್ತಕವನ್ನೇ ಕೊಂಡೆವು.

ದಾರಿಯಲ್ಲಿ ಅವರು ಕೇಳಿದರು: "ನಿಮ್ಮಕ್ಕನಿಗೆ ಇದು ನೀರು ಕುಡಿದ ಹಾಗೆ. ಫೀಸೂ ಕಟ್ಟಿದ್ಲು. ಆಮೇಲೆ ಯಾಕೆ ಬರೀಲಿಲ್ಲ? ಯಾರಾದ್ರೂ ಬೇಡ ಅಂದ್ರಾ?"

ಅಂಗಡಿಯಲ್ಲಿ ಅವರಿಗೆ ಹೇಳಿದ್ದನ್ನೇ ಅಂದು ನಿನಗೂ ಹೇಳಿದ್ದೆನಲ್ಲ, ಅಕ್ಕ. ನಾನು ಪುಸ್ತಕದ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡೆ. ಮನೆಯಲ್ಲಿ ನಿನ್ನ ಮೇಜು ಖಾಲಿಯಿದೆ, ಅಲ್ಲೇ ಕೂತು ಇಬ್ಬರೂ ಓದೋಣ ಎಂದೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ.