ಕೆಳಗಿನ ಹೊಲದ ಬಾವಿ

ಹರದನಹಳ್ಳಿ
೧೦ ಸೆಪ್ಟೆಂಬರ್ ೨೦೨೫

ಮುದ್ದು ನಿಸರ್ಗ,

ಅಮ್ಮನ ಪ್ರೀತಿ ಮೊದಲು ತಗೋ, ಬೈಗುಳ ಆಮೇಲೆ. ಚೆನ್ನಾಗಿದ್ದೀಯಾ? ಹಾಸ್ಟೆಲಿನಲ್ಲಿ ಹೊಟ್ಟೆತುಂಬ ಊಟ ಮಾಡುತ್ತೀಯಾ? ಅರಕಲಗೂಡಿನ ಕಡೆ ಮಳೆ ಬಿಟ್ಟಿಲ್ಲವಂತೆ, ತಲೆ ಒದ್ದೆ ಮಾಡಿಕೊಳ್ಳಬೇಡ.

ನಿನ್ನ ಕಾಗದ ಗೌರಿ ಹಬ್ಬಕ್ಕೆ ಮುಂಚೆಯೇ ಬಂದಿತ್ತು. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಕೆಂದ ಹಸು ಕರು ಹಾಕಿತು, ಅಜ್ಜಿಗೆ ಮಂಡಿನೋವು ಜಾಸ್ತಿಯಾಯಿತು ಎಂದೆಲ್ಲ ಬರೆಯಬಹುದು. ನಿಜ ಹೇಳಬೇಕೆಂದರೆ ನಿನ್ನ ಕಾಗದದ ಒಂದು ಸಾಲು ಓದಿ ನನಗೆ ಸಿಟ್ಟು ಬಂದಿತ್ತು. ಸ್ಕೂಲಿನ ಎಕ್ಸಿಬಿಷನ್ನಿಗೆ ನೀರಿನ ಚಕ್ರ ಮಾಡುತ್ತಿದ್ದೀಯ, ಮಳೆಯ ನೀರು ನೆಲದೊಳಗೆ ಹೋಗಿ ಹೇಗೆ ವಾಪಸ್ಸು ಬರುತ್ತದೆ ಎಂದು "ಚಿಕ್ಕಮ್ಮನನ್ನು ಕೇಳಿ ಬರೆದು ಕಳಿಸು" ಅಂತ ಬರೆದಿದ್ದೆ. ಚಿಕ್ಕಮ್ಮ ಬಿ.ಎಸ್ಸಿ. ಓದಿದವಳು, ನಾನು ಪಿಯುಸಿಗೆ ನಿಂತವಳು, ಒಪ್ಪಿದೆ. ಆದರೂ ಅವಳು ಹೇಳಿದ್ದನ್ನು ಬರೆದು ಕಳಿಸುವುದಕ್ಕಷ್ಟೇ ನಾನು ಬೇಕಾದೆನಾ?

ಆದ್ದರಿಂದ ನಾನು ಅವಳನ್ನು ಕೇಳಲಿಲ್ಲ. ನನಗೆ ಗೊತ್ತಿರುವುದನ್ನೇ ಬರೆಯುತ್ತೇನೆ.

ಮುದ್ದೆಗೆ ಎಸರಿಟ್ಟು ಮುಚ್ಚಳ ತೆಗೆದಾಗ ಒಳಮೈಯಲ್ಲಿ ಹನಿ ಕೂತಿರುತ್ತದಲ್ಲ, ಅದೇ ನಿನ್ನ ಮೋಡ. ಬಿಸಿಗೆ ಆವಿಯಾಗಿ ಮೇಲೆ ಹೋಗುತ್ತದೆ, ತಂಪು ತಾಗಿದರೆ ಮತ್ತೆ ಹನಿಯಾಗಿ ಬೀಳುತ್ತದೆ. ಹೋದ ಬೇಸಿಗೆಯಲ್ಲಿ ಅಪ್ಪ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮರೆತಿದ್ದ ನೀರಿನ ಗಾಜಿನ ಬಾಟಲಿ ಐಸಾಗಿ ಒಡೆದದ್ದು ನೆನಪಿದೆಯಾ? ಬೇರೆ ಪದಾರ್ಥ ಗಟ್ಟಿಯಾದರೆ ಸಾಮಾನ್ಯವಾಗಿ ಕುಗ್ಗುತ್ತದೆ, ನೀರು ಮಾತ್ರ ಹಿಗ್ಗುತ್ತದೆ. ಇನ್ನು ಉಪ್ಪು, ಸಕ್ಕರೆ, ಮಣ್ಣಿನ ಸುಣ್ಣ, ಸಿಕ್ಕಿದ್ದನ್ನೆಲ್ಲ ಅದು ತನ್ನೊಳಗೆ ಕರಗಿಸಿಕೊಂಡುಬಿಡುತ್ತದೆ. ನಮ್ಮ ಟ್ಯಾಂಕಿನ ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯದಿರುವುದು, ಸೋಪು ನೊರೆ ಬಾರದಿರುವುದು ಅದಕ್ಕೇ.

ನೆಲದೊಳಗೆ ಹೋದದ್ದು ವಾಪಸ್ಸು ಬರುವುದಕ್ಕೆ ಮಾತ್ರ ನಮ್ಮ ಬಾವಿಯ ಕಥೆಯನ್ನೇ ಹೇಳಬೇಕು. ನಿನಗೆ ಅರ್ಧ ಗೊತ್ತು. ಭಾಗವಾದಾಗ ಮೇಲಿನ ಹೊಲ ಸಂಜಯ್ ಚಿಕ್ಕಪ್ಪನಿಗೆ ಹೋಯಿತು, ಕೆಳಗಿನದೂ ಅದರಲ್ಲಿದ್ದ ಬತ್ತಿದ ಬಾವಿಯೂ ನಮಗೆ ಬಂತು. ಹೋದ ಬೇಸಿಗೆಯಲ್ಲಿ ನಿನ್ನ ಚಿಕ್ಕಮ್ಮ ಮಾನಸಾ ಮೇಲಿನ ಹೊಲದಲ್ಲಿ ಜೆಸಿಬಿ ತರಿಸಿ ಹೊಂಡ ತೆಗೆಸಿದಳು, ಬದುವಿನುದ್ದಕ್ಕೂ ಕಾಲುವೆಯಂತೆ ಗುಂಡಿ ಹೊಡೆಸಿದಳು. ಇಳಿದು ಬರುವ ನಮ್ಮ ಪಾಲಿನ ಮಳೆಯನ್ನು ಅವಳು ಮೇಲೇ ತಡೆದುಕೊಳ್ಳುತ್ತಿದ್ದಾಳೆ ಅನ್ನಿಸಿತು ನನಗೆ. ಜಗಳ ಮಾಡಿ ಬನ್ನಿ ಅಂತ ನಿನ್ನ ಅಪ್ಪನನ್ನು ಕಳಿಸಿದೆ. ಅವರು ಹೋಗಿ ಅವಳ ಕೈಯಲ್ಲಿ ಕಾಫಿ ಕುಡಿದು ಬಂದರು. "ಅವ್ಳು ಯೋಳೋದು ಸರಿಯಾಗೇ ಅದೆ ಕಣೆ" ಅಂದರು. ಅವಳ ಕಾಫಿ ಕುಡಿದವರೆಲ್ಲ ಹೀಗೇ ಆಗಿಬಿಡುತ್ತಾರೆ.

ಆಗಸ್ಟಿನಲ್ಲಿ ಮಳೆ ಹಿಡಿಯಿತಲ್ಲ, ಊರವರೆಲ್ಲ ತುಂಬಿದ ಗೊರೂರು ಡ್ಯಾಮ್ ನೋಡಲು ಗಾಡಿ ಮಾಡಿಕೊಂಡು ಹೋಗಿದ್ದರು. ಮಾರನೆಯ ಬೆಳಿಗ್ಗೆ ನಿನ್ನ ತಾತ ಹೊಲದಿಂದ ಬಂದು ಬಾಗಿಲಲ್ಲೇ ನಿಂತರು. "ಬಾವೀಲಿ ನೀರು ಅದೆ ಕಣವ್ವ" ಅಂದರು. ಮುದ್ದೆ ತಿರುವುತ್ತಿದ್ದ ಹಿಟ್ಟಿನ ದೊಣ್ಣೆ ಬಿಟ್ಟು ಓಡಿದೆ. ಬಗ್ಗಿ ನೋಡಿದರೆ ಕಲ್ಲಿನ ಸಂದುಸಂದಿನಿಂದ ನೀರು ಜಿನುಗುತ್ತಿತ್ತು, ತಳದಲ್ಲಿ ನನ್ನ ಮುಖ ಕಂಡಿತು. ನಾನು ಮದುವೆಯಾಗಿ ಬಂದ ಮೇಲೆ ಆ ಬಾವಿಯಲ್ಲಿ ನೀರು ಕಂಡವಳೇ ಅಲ್ಲ. ಅಳು ಬಂತು ಮಗಳೇ.

ಹಿಂದೆಯೇ ಬಂದ ನಿನ್ನ ಅಜ್ಜಿ ಕೈ ಮುಗಿದು, "ಮಾನಸನ ಪುಣ್ಯ" ಅಂದರು. ಅಲ್ಲಿಗೆ ನನ್ನ ಖುಷಿ ಮುಗಿಯಿತು.

ಆಮೇಲೆ ಊರಿಗೆ ಊರೇ ಬಂತು. ಎಲ್ಲರೂ ನಮ್ಮ ಬಾವಿ ಬಗ್ಗಿ ನೋಡುವುದು, ಮೇಲೆ ಹೋಗಿ ಅವಳನ್ನು ಹೊಗಳುವುದು. ಡೈರಿಯ ಕೀರ್ತಿರಾಜ್ ಅವಳನ್ನು ನಮ್ಮ ಬಾವಿಕಟ್ಟೆಯ ಮುಂದೆ ನಿಲ್ಲಿಸಿ ಫೋಟೊ ತೆಗೆದ. ನಾನು ಬಿಂದಿಗೆ ಹಿಡಿದು ಪಕ್ಕದಲ್ಲೇ ಇದ್ದೆ. "ರಂಜಿತಕ್ಕ, ವಸಿ ಆ ಕಡೀಕೆ ಸರ್ಕೊಳಿ" ಅಂದ. ನಮ್ಮ ಹೊಲ, ನಮ್ಮ ಬಾವಿ, ಸರಿಯಬೇಕಾದವಳು ನಾನು.

ಆ ನೀರು ಮುಟ್ಟುವುದೇ ಇಲ್ಲ ಅಂತ ಹಟ ಹಿಡಿದೆ. ಟ್ಯಾಂಕಿನ ನಲ್ಲಿಯಿಂದಲೇ ಹೊತ್ತೆ. ಅಜ್ಜಿ ಮಂಡಿನೋವಿನಲ್ಲೇ ಒಂದು ಬಿಂದಿಗೆ ಸೇದಿಸಿ ತಂದು ಸಾರು ಮಾಡಿದರು. ತೊಗರಿಬೇಳೆ ಬೆಣ್ಣೆಯಂತೆ ಬೆಂದಿತ್ತು. ಅಪ್ಪ ಎರಡು ಸಲ ಬಡಿಸಿಕೊಂಡರು. ಹೊಸ ಮಳೆಯ ನೀರು, ಇನ್ನೂ ಮಣ್ಣಿನ ಸುಣ್ಣ ಕರಗಿಸಿಕೊಂಡಿಲ್ಲ, ಅದಕ್ಕೇ ಬೇಳೆ ಬೇಗ ಬೇಯುತ್ತದೆ ಅಂತ ಮಾನಸಾ ಹೇಳಿದಳಂತೆ. ಸಾರು ಚೆನ್ನಾಗಿತ್ತು ಎಂದು ನಾನು ಹೇಳಲಿಲ್ಲ.

ಹಬ್ಬಕ್ಕೆ ಬಾಗಿನ ಕೊಡಲು ಬಂದಳು. ಬಾಗಿನ ತಗೊಂಡು ಮುಗಿದ ಮೇಲೆ ನನ್ನ ಬಾಯಿ ಸುಮ್ಮನಿರಲಿಲ್ಲ. ನಮ್ಮ ನೀರನ್ನೇ ತಡೆದಿಟ್ಟು ನಮಗೇ ದಾನ ಕೊಟ್ಟ ಹಾಗೆ ಹೆಸರು ಮಾಡಿಕೊಂಡೆಯಲ್ಲ ಅಂದುಬಿಟ್ಟೆ. ಅವಳು ಮುಖ ಕೆಂಪಗೆ ಮಾಡಿಕೊಳ್ಳಲಿಲ್ಲ.

"ದಾನ ಎಲ್ಲಿ ಬಂತಕ್ಕ? ನನ್ನ ಹೊಂಡದಲ್ಲಿ ನೀರು ನಿಲ್ಲಲೇ ಇಲ್ಲ. ಎಲ್ಲಾ ಇಂಗಿ ನಿಮ್ ಕಡೀಕೇ ಇಳ್ಕೊಂಡ್ ಬಂತು. ಮಳೆ ನಿಂತ್ಮೇಲೆ ಟೊಮ್ಯಾಟೊ ಸಸಿ ಬಾಡ್ತಾ ಕುಂತವೆ" ಅಂದಳು.

ಮಾರನೆಯ ದಿನ ಯಾರಿಗೂ ಹೇಳದೆ ಮೇಲಿನ ಹೊಲಕ್ಕೆ ಹೋಗಿ ನೋಡಿದೆ. ಹೊಂಡದ ತಳದಲ್ಲಿ ಕೆಸರು ಬಿಟ್ಟರೆ ಏನೂ ಇರಲಿಲ್ಲ. ಅವಳು ಹಿಡಿದ ಮಳೆ ಮಣ್ಣಿನೊಳಗೆ ಇಳಿದು, ಬಂಡೆಯ ಸಂದು ಹಿಡಿದು, ಬದುವಿನ ಕೆಳಗೆ ನುಸುಳಿ ನಮ್ಮ ಬಾವಿಗೆ ಬಂದಿತ್ತು. ನೀರಿಗೆ ಭಾಗಪತ್ರ ಗೊತ್ತಿಲ್ಲ. ನಿನ್ನ ಪ್ರಶ್ನೆಗೆ ಉತ್ತರ ಇದೇ, ಚಿತ್ರ ಬಿಡಿಸುವಾಗ ಎರಡು ಹೊಲವನ್ನೂ ಬಿಡಿಸು.

ಮನೆಗೆ ಬಂದು, ಬಾವಿಗೆ ಮೋಟಾರ್ ಇಳಿಸಿ ಮೇಲಕ್ಕೆ ಪೈಪು ಎಳೆಯಿರಿ ಅಂತ ಅಪ್ಪನಿಗೆ ಹೇಳಿದೆ. ಅವರು ನನ್ನ ಹಣೆ ಮುಟ್ಟಿ ನೋಡಿದರು, ಜ್ವರ ಬಂದಿದೆಯೇನೋ ಎಂದು. ಒಳ್ಳೆಯ ಮನಸ್ಸಿನಿಂದ ಹೇಳಿದೆ ಅಂದುಕೊಳ್ಳಬೇಡ. ಇನ್ನು ಮುಂದೆ ಅವಳ ಟೊಮ್ಯಾಟೊ ನೋಡಿದವರು ನನ್ನ ಹೆಸರು ಹೇಳಲಿ ಅಂತ ಹೇಳಿದೆ. ತಾನಾಗಿ ಕೆಳಕ್ಕೆ ಇಳಿದು ಬಂದ ನೀರನ್ನು ಮೇಲಕ್ಕೆ ಏರಿಸುವುದಕ್ಕೆ ಐದು ಎಚ್‌ಪಿ ಮೋಟಾರ್ ಬೇಕಾಯಿತು. ಸಸಿ ಚಿಗುರಿದವು. ಈಗ ಊರವರು ಏನು ಹೇಳುತ್ತಾರೆ ಗೊತ್ತೆ? ಓರಗಿತ್ತಿಯ ಮನಸ್ಸನ್ನೂ ಗೆದ್ದಳು, ಎಂಥ ಗುಣ ಮಾನಸನದು ಅಂತ.

ಎಕ್ಸಿಬಿಷನ್ನಿನಲ್ಲಿ ಚೆನ್ನಾಗಿ ಹೇಳು, ತಡವರಿಸಬೇಡ. ತಾತ, ಅಜ್ಜಿ, ಅಪ್ಪ ಎಲ್ಲರೂ ನಿನ್ನನ್ನು ಕೇಳುತ್ತಿರುತ್ತಾರೆ. ಕರುವಿಗೆ ಇನ್ನೂ ಹೆಸರಿಟ್ಟಿಲ್ಲ, ನೀನೇ ಬಂದು ಇಡು. ಆರೋಗ್ಯವಾಗಿರು, ನಗುನಗುತ್ತಾ ಇರು, ನನಗಿಂತ ಜಾಸ್ತಿ ಓದು. ನಿನಗೆ ಒಳ್ಳೆಯದೇ ಆಗಲಿ ಕಂದಾ.

ನಿನ್ನ
ಅಮ್ಮ, ರಂಜಿತಾ

ತಾ.ಕ.: ಇದನ್ನು ಬರೆಯಬಾರದು ಅಂತಲೇ ಹೆಸರು ಹಾಕಿ ಮುಗಿಸಿದ್ದೆ. ಆಗಲಿಲ್ಲ. ನೀನು ದೊಡ್ಡವಳಾದ ವಿಷಯ ನನಗೆ ಗೊತ್ತು. ಹಬ್ಬ ಕಳೆದ ಭಾನುವಾರ ವಾರ್ಡನ್ ಮೇಡಂ ಫೋನ್ ಕೊಟ್ಟಾಗ ನೀನು ನನಗೆ ಮಾಡದೆ ಚಿಕ್ಕಮ್ಮನಿಗೆ ಮಾಡಿದೆಯಂತೆ. ಮುಚ್ಚಿಟ್ಟುಕೊಳ್ಳಲಾರೆ ಅಂತ ಅವಳೇ ಹಿತ್ತಲಿಗೆ ಕರೆದು ಹೇಳಿದಳು. ನೀನು ನನಗೆ ಯಾಕೆ ಹೇಳಲಿಲ್ಲ ಅಂತ ಅವಳನ್ನು ಕೇಳಿದೆ. "ನಿಮಗೇಳಿದ್ರೆ ಊರ್ನೆಲ್ಲಾ ಕರ್ದು ಆರತಿ ಮಾಡಿಸ್ತೀರ ಅಂತ ಹೆದ್ರುಕೊಂಡವ್ಳೆ ಅಕ್ಕ" ಅಂದಳು. ಸುಳ್ಳಲ್ಲ, ಮಾಡಿಸುತ್ತಿದ್ದೆ. ನನ್ನ ಮಗಳ ಮೊದಲ ಹೆದರಿಕೆಗೆ ಇನ್ನೊಬ್ಬಳು ಧೈರ್ಯ ಹೇಳಿದಳಲ್ಲ, ಬಾವಿ ತಂದ ಹೆಸರು ಅವಳೇ ಇಟ್ಟುಕೊಳ್ಳಲಿ, ಇದೊಂದು ನನ್ನದಾಗಬೇಕಿತ್ತು. ಶನಿವಾರ ಕೊಬ್ಬರಿ, ಬೆಲ್ಲ, ಎಳ್ಳಿನ ಚಿಗಳಿ ಉಂಡೆ ತಗೊಂಡು ಒಬ್ಬಳೇ ಬರುತ್ತೇನೆ. ಯಾರಿಗೂ ಹೇಳಿಲ್ಲ ಮಗಳೇ. ನಿನ್ನ ಅಜ್ಜಿಗೂ ಹೇಳಿಲ್ಲ.