ಎಡಗಣ್ಣಿನ ಮಗ್ಗುಲಲ್ಲಿ

ಅಪ್ಪಾ,

ನಿನ್ನೆ ಕೋಲಾರದಲ್ಲಿ ನನ್ನ ಎಡಗಣ್ಣಿಗೆ ಗ್ಲಾಕೋಮಾ ಆಪರೇಷನ್ ಆಯಿತು. "ಹೋದ ದೃಷ್ಟಿ ವಾಪಸ್ ಬರಲ್ಲಮ್ಮ, ಉಳಿದಿರೋದನ್ನ ಕಾಪಾಡೋಕಷ್ಟೇ ಇದು," ಎಂದು ಡಾಕ್ಟರು ಮೊದಲೇ ಹೇಳಿದ್ದರು. "ಮನೇಲಿ ಬೇರೆ ಯಾರಿಗಾದ್ರೂ ಇತ್ತಾ?" ಎಂದೂ ಕೇಳಿದ್ದರು. ಅಪ್ಪನಿಗಿತ್ತು, ಕುರುಡರಾಗಿಯೇ ತೀರಿಕೊಂಡರು ಎಂದೆ. "ಪಕ್ಕದ್ದು ಕಾಣ್ಸಲ್ಲ ಕಣಮ್ಮಾ," ಎಂದು ನೀವು ಹೇಳಿದಾಗ, ಮಾವಿನ ಸುಗ್ಗಿ ಮುಗಿಯಲಿ ಎಂದು ನಾನು ನಿಮ್ಮನ್ನು ಆಸ್ಪತ್ರೆಗೆ ಕರೆದೊಯ್ಯದೆ ತಡೆದದ್ದನ್ನು ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಎದುರಿನ ಕಿಟಕಿ ಕಾಣಿಸಿತು. ಎಡಪಕ್ಕದ ಕಾಣದ ಜಾಗದಲ್ಲಿ ಯಾರೋ ನಿಂತಂತಿತ್ತು. ತಿರುಗಿದರೆ ಬರೀ ಗೋಡೆ.

"ತಲೆ ಎತ್ತಿ," ಎಂದು ನರ್ಸ್ ಒಂದು ಕೈಯಲ್ಲಿ ರೆಪ್ಪೆ ಎಳೆದು, ಇನ್ನೊಂದರಲ್ಲಿ ಡ್ರಾಪ್ಸ್ ಹಿಡಿದಳು. ಆಗ ಆ ಎಡಪಕ್ಕದಿಂದ ತಣ್ಣನೆಯ ಬೆರಳೊಂದು ನನ್ನ ಗದ್ದವನ್ನು ಮೆಲ್ಲಗೆ ಮೇಲೆತ್ತಿತು.

ಈ ಸಲ ನಾನು ತಿರುಗಲಿಲ್ಲ, ಅಪ್ಪಾ.