ಅಲೆ ಏರುವ ಹಲಗೆಗೆ ಬಳಿದ ಬಣ್ಣ

ದಾಂಡೇಲಿ
ಮಾರ್ಚ್ ೧೯೬೩

ಮಗಳು ಗುರುಬಸವ್ವನಿಗೆ ಅಪ್ಪನ ಆಶೀರ್ವಾದ.

ಸನವಳ್ಳಿಯಲ್ಲಿ ನಿನ್ನ ಅತ್ತೆ ಸಿದ್ದಕ್ಕನ ಮೊಣಕಾಲು ನೋವು ಹೇಗಿದೆ? ಕೂಸು ನೀಲವ್ವ ಮಗ್ಗುಲಾಗುತ್ತಾಳೆಯೆ? ಅಳಿಯ ಮುದಕಪ್ಪನಿಗೆ ಈಗಲಾದರೂ ಅಂಗಾತ ಮಲಗಲು ಆಗುತ್ತದೆಯೆ? ಬಿಸಾಕಿದ್ದ ಒಂದು ಹಲಗೆಯನ್ನು ತೊಟ್ಟಿಲಿಗೆಂದು ಒಯ್ದದ್ದಕ್ಕೆ ನಾಟಾ ಕಂತ್ರಾಟದಾರ ಅವನನ್ನು ಕಳ್ಳನೆಂದು ಎಲ್ಲರೆದುರು ಬೆಲ್ಟಿನಿಂದ ಹೊಡೆದದ್ದು ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ.

ಅದೇ ಕಂತ್ರಾಟದಾರ ಈಗ ನನ್ನಿಂದ ಒಂದು ಹಲಗೆ ಮಾಡಿಸಿದ್ದಾನೆ. ಕಾರವಾರದ ಸಮುದ್ರದಲ್ಲಿ ಬರಿಮೈಯಲ್ಲಿ ಅದರ ಮೇಲೆ ಬೋರಲು ಮಲಗಿ ಅಲೆ ಏರುತ್ತಾನಂತೆ. ಕುಳಗಿ ಕಡೆಯ ಹಗುರ ಶಿವನೆ ಮರ ತಂದು, ಮೀನಿನ ಹಾಗೆ ಮೂತಿ ಚೂಪು ಮಾಡಿ, ಕೈ ಜಾರುವಷ್ಟು ನುಣ್ಣಗೆ ತೀಡಿದೆ. ಇಷ್ಟು ಚೆಂದದ ಕೆಲಸ ಹಿಂದೆ ಮಾಡಿರಲಿಲ್ಲ.

"ಕರ್ರಗ ಮಿಂಚಬೇಕ ನೋಡೋ ಮುದುಕಾ, ಬಣ್ಣಾ ಬಿಡಬಾರದು" ಅಂದ.

"ಜಲ್ಮ ಇರೋತನಕಾ ನೆನಪಿರತೈತ್ರೀ ಸಾವಕಾರ್ರ" ಅಂದೆ.

ಅಗಸರು ಬಟ್ಟೆಗೆ ಗುರುತು ಹಾಕುವ ಕೇರುಬೀಜದ ಎಣ್ಣೆಯನ್ನೇ ಬಳಿದಿದ್ದೇನೆ. ಚಿಕ್ಕವಳಿದ್ದಾಗ ಅದನ್ನು ಮುಟ್ಟಿ, ಅಂಗೈ ತುಂಬ ಬೊಬ್ಬೆ ಎದ್ದು, ನೀನು ವಾರಗಟ್ಟಲೆ ಅತ್ತಿದ್ದೆ. ಮೇಲೆ ದಪ್ಪಗೆ ಅರಗು ಸವರಿದರೆ ಅದು ಮೈಗೆ ತಾಕುವುದಿಲ್ಲ. ನಾನಿನ್ನೂ ಸವರಿಲ್ಲ.

ಬರುವ ಭಾನುವಾರ ಹಲಗೆ ಒಯ್ಯುತ್ತಾನೆ. ಅಳಿಯನನ್ನು ಒಂದು ಮಾತು ಕೇಳು. ಅರಗು ಸವರಲಿ ಎಂದರೆ ಬೇಗ ಉತ್ತರ ಬರೆ. ಬೇಡ ಎಂದರೆ ನಿಧಾನವಾಗಿ ಬರೆದರೂ ನಡೆಯುತ್ತದೆ.

ನಿನ್ನ ಅಪ್ಪ,
ದ್ಯಾಮಪ್ಪ